ಗ್ಲೋಕಲೈಸೇಶನ್: ಹೊರಗಿನಿಂದ ಬಂದದ್ದು ಊರಿನದಾಗುವ ಬಗೆ

ಹಾಕಿಯ ನಿಯಮಗಳು ಜಗತ್ತಿಗೆಲ್ಲ ಒಂದೇ. ಆದರೆ ತಂಡ ಎಂದರೆ ಯಾರು ಎಂಬ ಪ್ರಶ್ನೆಗೆ ಕೊಡಗು ತನ್ನದೇ ಉತ್ತರ ಕೊಟ್ಟಿದೆ. ಬೇಸಿಗೆಯಲ್ಲಿ ಇಲ್ಲಿ ನಡೆಯುವ ಕೊಡವ ಕೌಟುಂಬಿಕ ಹಾಕಿಯಲ್ಲಿ ಕ್ಲಬ್ಬು, ಕಾಲೇಜು, ಊರು ಯಾವುದೂ ಲೆಕ್ಕಕ್ಕಿಲ್ಲ, ಒಕ್ಕವೇ ತಂಡ. ಒಬ್ಬ ಮೂಲಪುರುಷನಿಂದ ಬೆಳೆದು ಬಂದ, ಒಂದೇ ಮನೆಹೆಸರಿನ, ಒಂದು ಐನ್‌ಮನೆಗೆ (ಪೂರ್ವಜರ ಮೂಲಮನೆಗೆ) ಸೇರಿದ ಬಳಗ ಒಕ್ಕ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಯೋಚನೆಯಿಂದ ಶುರುವಾದಾಗ 60 ಒಕ್ಕಗಳು ಆಡಿದ್ದವು. 2018ರ ಭೂಕುಸಿತ, ಅದರ ಬೆನ್ನಿಗೇ ಕೋವಿಡ್ ಬಂದು ಕೆಲವು ವರ್ಷ ನಿಂತದ್ದು 2023ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ ಬಂದ ತಂಡಗಳು 360, ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಪ್ಪ-ಮಗಳು, ಅಜ್ಜ-ಮೊಮ್ಮಗ ಒಂದೇ ತಂಡದಲ್ಲಿ ಓಡುತ್ತಾರೆ. ಆಯಾ ವರ್ಷ ಹೊಣೆ ಹೊತ್ತ ಒಕ್ಕದ ಹೆಸರೇ ಕಪ್ಪಿಗೆ.

ಬ್ರಿಟಿಷರ ಪಡೆಗಳ ಜೊತೆ ಭಾರತಕ್ಕೆ ಬಂದ ಆಟವಿದು. ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್ ಅವರಂಥವರನ್ನು ಕೊಡಗು ದೇಶಕ್ಕೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಕೌಟುಂಬಿಕ ಹಾಕಿ ಅದಕ್ಕಿಂತ ಬೇರೆಯೇ ಸಂಗತಿ. ಇಲ್ಲಿ ಕೊಡವರು ಆಟವನ್ನು ಕಲಿತದ್ದಷ್ಟೇ ಅಲ್ಲ, ಅದರಿಂದ ತಮಗೆ ಬೇಕಾದ ಕೆಲಸವನ್ನೂ ಮಾಡಿಸಿಕೊಂಡರು. ತಂಡದ ಪಟ್ಟಿ ಬರೆಯಲು ಕೂತರೆ ಬೆಂಗಳೂರು, ಮೈಸೂರು, ದುಬೈ ಎಂದು ಚದುರಿಹೋದ ಒಕ್ಕದವರೆಲ್ಲ ಒಮ್ಮೆ ನೆನಪಾಗಲೇಬೇಕು. ಆಡಲು ಬಂದವರು ಐನ್‌ಮನೆಯ ಹೊಸ್ತಿಲನ್ನೂ ತುಳಿದು ಹೋಗುತ್ತಾರೆ.

ಹೀಗೆ ಜಗತ್ತಿನಲ್ಲಿ ಎಲ್ಲೆಡೆ ಓಡಾಡುವ ಒಂದು ವಿಚಾರ, ಪದ್ಧತಿ ಅಥವಾ ವಸ್ತು ಒಂದು ಊರಿಗೆ ಬಂದಾಗ, ಆ ಊರಿನ ನೆಲ, ಮಳೆ, ಸಂಬಂಧ, ಕಾನೂನುಗಳ ಒತ್ತಡಕ್ಕೆ ಸಿಕ್ಕಿ ಹೊಸ ರೂಪ ಪಡೆಯುವುದನ್ನು ‘ಗ್ಲೋಕಲೈಸೇಶನ್’ ಎನ್ನುತ್ತಾರೆ. ಗ್ಲೋಬಲ್, ಲೋಕಲ್ ಎರಡನ್ನೂ ಬೆಸೆದ ಪದ. ಕನ್ನಡದಲ್ಲಿ ‘ಗ್ಲೋಕಲೀಕರಣ’ ಎಂದು ಬರೆಯುವವರೂ ಇದ್ದಾರೆ. ಇದರ ಹಿಂದೆ ‘ದೊಚಾಕುಕ’ ಎಂಬ ಜಪಾನಿ ಪದವಿದೆ. ಅದು ಮೊದಲಿಗೆ ಬೇಸಾಯದ ಮಾತು; ಬೇರೆಡೆಯಿಂದ ಬಂದ ಸಾಗುವಳಿ ಕ್ರಮವನ್ನು ನಮ್ಮ ಹೊಲದ ಸ್ಥಿತಿಗೆ ಹೊಂದಿಸಿಕೊಳ್ಳುವುದು ಎಂದರ್ಥ. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಅದನ್ನು ವ್ಯಾಪಾರಕ್ಕೆ ಬಳಸಿದವು. 1990ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ರೋಲಂಡ್ ರಾಬರ್ಟ್‌ಸನ್ ಇದನ್ನು ಚಿಂತನೆಯ ಪರಿಭಾಷೆಯನ್ನಾಗಿ ಮಾಡಿದರು. ಜಾಗತೀಕರಣ ಎಂದರೆ ಎಲ್ಲ ಊರೂ ಒಂದೇ ಥರ ಆಗುವುದು ಎಂಬ ಭಯ ಆಗ ದಟ್ಟವಾಗಿತ್ತು. ಜಾಗತಿಕ, ಸ್ಥಳೀಯ ಎಂಬ ಎರಡು ಬಣಗಳಿಲ್ಲ, ಒಂದು ಇನ್ನೊಂದರ ಒಳಗೇ ಬೆಳೆಯುತ್ತದೆ ಎಂಬುದು ಅವರ ವಾದ.

ಪದದ ವ್ಯಾಪಾರೀ ಅರ್ಥವೇ ಹೆಚ್ಚು ಪ್ರಚಾರ ಪಡೆದಿದೆ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ಭಾರತಕ್ಕೆ ಬಂದಾಗ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟಿತು, ಆಮೇಲೆ ಆಲೂ ಟಿಕ್ಕಿಯನ್ನು ಬನ್ನಿನೊಳಗೆ ಇಟ್ಟಿತು ಎಂಬುದು ಎಲ್ಲ ಪಠ್ಯಗಳಲ್ಲೂ ಸಿಗುವ ಉದಾಹರಣೆ. ನಿಜವೇ, ಆದರೆ ತೀರಾ ಮೇಲ್ಪದರದ್ದು. ಅಲ್ಲಿ ಬದಲಾದದ್ದು ರುಚಿ ಮಾತ್ರ. ಏನು ಬದಲಾಗಬೇಕು, ಎಷ್ಟು ಬದಲಾಗಬೇಕು ಎಂದು ನಿರ್ಧರಿಸಿದವರು ಮಾರುವವರು. ಊರು ತಾನೇ ನಿರ್ಧರಿಸಿದ್ದನ್ನು ನೋಡಬೇಕಾದರೆ ಕಾಫಿ ತೋಟಕ್ಕೆ ಬರಬೇಕು.

ಕಾಫಿ ಇಲ್ಲಿನ ಗಿಡವಲ್ಲ. ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣ ಗಿರಿಯಲ್ಲಿ ನೆಟ್ಟರೆಂಬುದು ನಾಡಿಗೆಲ್ಲ ಗೊತ್ತಿರುವ ಐತಿಹ್ಯ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಇಲ್ಲಿನ ಮೊದಲ ಯುರೋಪಿಯನ್ ತೋಟ ಮಾಡಿದ. ಅವನ ಹಿಂದೆ ಬಂದ ಬಿಳಿಯರು ಸಿಲೋನಿನಲ್ಲಿ ಕಂಡಿದ್ದ ಮಾದರಿಯನ್ನು ತಂದರು: ಕಾಡು ಸವರಿ, ಸುಟ್ಟು, ಬಯಲಾದ ಗುಡ್ಡದ ಮೇಲೆ ಸಾಲಾಗಿ ಕಾಫಿ ನೆಡುವುದು. ಕೆಲವು ವರ್ಷ ಫಸಲು ಚೆನ್ನಾಗಿಯೇ ಬಂತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಂದು ತೋಟತೋಟಗಳನ್ನೇ ಒಣಗಿಸಿತು. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೆಂದರೆ ಇಷ್ಟ, ಅಲ್ಲೇ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮದ್ರಾಸ್ ಸರ್ಕಾರದ ಪರವಾಗಿ ಪರಿಶೀಲನೆಗೆ ಬಂದ ಜಾರ್ಜ್ ಬೈಡಿ ಎಂಬ ವೈದ್ಯ 1869ರ ವರದಿಯಲ್ಲಿ ನೆರಳು ಬೇಕೆಂದು ಬರೆದ.

ಹುಳುವಿನದೊಂದೇ ಕಾರಣವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸುರಿಯುವ ಮಳೆ ಬರಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಡಿಸೆಂಬರ್ ದಾಟಿದ ಮೇಲೆ ಮಾರ್ಚ್‌ವರೆಗೆ ಹನಿ ನೀರಿಲ್ಲ; ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ಗಿಡ ನೆಲದ ತೇವದ ಮೇಲೇ ಜೀವ ಹಿಡಿದಿರಬೇಕು. ಎರಡಕ್ಕೂ ಮರ ಬೇಕು. ಅತ್ತಿ, ಹಲಸು, ನಂದಿ, ಬೀಟೆ, ಹೊನ್ನೆ ಮೇಲೆ, ಬೇಗ ಬೆಳೆಯುವ ಹಾಲುವಾಣ ನಡುವೆ, ಕಾಫಿ ಕೆಳಗೆ. ಮರವಿದ್ದ ಮೇಲೆ ಅದಕ್ಕೆ ಕರಿಮೆಣಸು ಹಬ್ಬಿತು. ಮಳೆಗಾಲಕ್ಕೆ ಮುಂಚೆ ಕೊಂಬೆ ಕಪಾತು ಮಾಡಿ ಬೆಳಕು ಬಿಡುವುದು, ಬೇಸಿಗೆಗೆ ಮತ್ತೆ ಚಿಗುರಿ ನೆರಳಾಗುವಂತೆ ನೋಡಿಕೊಳ್ಳುವುದು ಒಂದು ಕಸುಬೇ ಆಯಿತು. ಬ್ರೆಜಿಲ್‌ನ ಬಹುಪಾಲು ತೋಟಗಳು ಬಿಸಿಲಿಗೆ ತೆರೆದುಕೊಂಡು ಯಂತ್ರ ಓಡಾಡುವಷ್ಟು ಬಯಲಾಗಿವೆ. ಕೊಡಗಿನ ತೋಟದೊಳಗೆ ನಿಂತರೆ ಆಕಾಶ ತುಂಡುತುಂಡಾಗಿ ಕಾಣುತ್ತದೆ. ಗಿಡ ಒಂದೇ, ಬೇಸಾಯ ಎರಡು. ನನಗೆ ಗ್ಲೋಕಲೈಸೇಶನ್ ಪದದ ಪೂರ್ತಿ ಅರ್ಥ ಸಿಗುವುದು ಇಲ್ಲೇ. ಮಳೆ, ಹುಳು, ಇಳಿಜಾರು ಸೇರಿ ಆ ಬಯಲು ಮಾದರಿಯನ್ನು ಸೋಲಿಸಿದವು. ಉಳಿದದ್ದು ಊರಿನ ಷರತ್ತು ಒಪ್ಪಿಕೊಂಡ ಕಾಫಿ.

ಕುಡಿಯುವ ಬಗೆಯೂ ಹಾಗೆಯೇ. ಹಳೆಯ ಮನೆಗಳಲ್ಲಿ ಈಗಲೂ ಬೆಲ್ಲ ಹಾಕಿದ, ಹಾಲಿಲ್ಲದ ಕಪ್ಪು ಕಾಫಿ ಕುದಿಯುತ್ತಿರುತ್ತದೆ. ಹೊಸ ಕೆಫೆಗಳಲ್ಲಿ ಕಪ್ಪು ಕಾಫಿ ಹೊರಗಿನ ಫ್ಯಾಷನ್ ಎಂಬಂತೆ ಬರುವುದಕ್ಕೆ ಬಹಳ ಮೊದಲಿನ ರೂಢಿ ಇದು.

ಆದರೆ ಊರಿನ ಸಂದರ್ಭ ಅಂದರೆ ಪ್ರಕೃತಿ, ಸಂಸ್ಕೃತಿ ಮಾತ್ರ ಎಂದುಕೊಂಡರೆ ಅರ್ಧ ಕಂಡಂತೆ. ಕಂದಾಯದ ಕಡತವೂ ಸಂದರ್ಭವೇ. ಕೊಡಗಿನ ತೋಟಗಳಲ್ಲಿ ಈಗ ಎಲ್ಲಿ ನೋಡಿದರೂ ನೇರ ಕಂಬದಂತೆ ನಿಂತಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ನಿಜ. ಆದರೆ ಅದು ಇಷ್ಟು ಹರಡಿದ್ದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ಬಾಣೆ ಜಮೀನುಗಳು ಮೂಲತಃ ಗದ್ದೆಗೆ ಸೊಪ್ಪು, ಸೌದೆ, ಮೇವು ಒದಗಿಸಲೆಂದು ಅಂಟಿಸಿಕೊಟ್ಟ ಕಾಡು. ಆಮೇಲೆ ಅವು ಕಾಫಿ ತೋಟಗಳಾದವು. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ ಜಾಗ ‘ರಿಡೀಮ್ಡ್’, ಕಟ್ಟದ ಜಾಗ ‘ಅನ್‌ರಿಡೀಮ್ಡ್’. ಅನ್‌ರಿಡೀಮ್ಡ್ ಬಾಣೆಯಲ್ಲಿ ತಾತ ಕಾಪಾಡಿದ ಬೀಟೆ, ನಂದಿ ಮರಗಳ ಮೇಲೆ ಮೊಮ್ಮಗನಿಗೆ ಹಕ್ಕಿಲ್ಲ. ತಾನು ನೆಟ್ಟ ಸಿಲ್ವರ್ ಓಕನ್ನು ಕಡಿದು ಮಾರುವುದು ಮಾತ್ರ ಸಲೀಸು. ಕಷ್ಟಕಾಲಕ್ಕೆ ಆಗುವ ಮರ ಯಾವುದು ಎಂದು ಬೆಳೆಗಾರ ಲೆಕ್ಕ ಹಾಕಿದರೆ ಅವನನ್ನು ದೂರಲಾಗದು. ಒಂದು ಊರಮರ ಹೋದ ಜಾಗದಲ್ಲಿ ನಾಲ್ಕು ಸಿಲ್ವರ್ ಓಕ್ ಏಳುತ್ತವೆ. ಹಣ್ಣಿಗೆ ಬರುತ್ತಿದ್ದ ಹಕ್ಕಿಗೆ ಅಲ್ಲೇನೂ ಸಿಗುವುದಿಲ್ಲ. ಇದೂ ಗ್ಲೋಕಲೈಸೇಶನ್ನೇ. ಹೊರಗಿನ ಮರವನ್ನು ಊರಿನ ಕಾನೂನೇ ಕೈಹಿಡಿದು ಒಳಗೆ ಕರೆತಂದಿದೆ. ಸ್ಥಳೀಯ ಸಂದರ್ಭ ಯಾವಾಗಲೂ ಊರನ್ನು ಕಾಯುತ್ತದೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಸ್ಥಳೀಯರು ಎಂದರೆ ಯಾರು ಎಂಬುದನ್ನೂ ಕೇಳದೆ ಈ ಪದವನ್ನು ಬಳಸುವುದು ತಪ್ಪು. ಪ್ಲಾಂಟೇಶನ್ ಎಂಬ ವ್ಯವಸ್ಥೆಯ ಜೊತೆಗೆ ಬಂದದ್ದು ಕಾಫಿ ಗಿಡ ಮಾತ್ರವಲ್ಲ, ಲೈನ್‌ಮನೆಯೂ ಬಂತು. ತೋಟದ ಅಂಚಿನಲ್ಲಿ ಸಾಲಾಗಿ ಕಟ್ಟಿದ, ಕೆಲಸ ಇರುವ ತನಕ ಮಾತ್ರ ಇರಬಹುದಾದ ಕೋಣೆಗಳು. ಬಿಸಿಲಿನ ಕಾಫಿಯನ್ನು ತಿದ್ದಿದ ಕೊಡಗು ಲೈನ್‌ಮನೆಯನ್ನು ಹೆಚ್ಚುಕಡಿಮೆ ಬಂದ ಹಾಗೇ ಉಳಿಸಿಕೊಂಡಿತು. ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಯರವರು, ಜೇನುಕುರುಬರು ಆ ಕೋಣೆಗಳಲ್ಲಿ ತಲೆಮಾರುಗಳನ್ನು ಕಳೆದರು. 2016ರ ಡಿಸೆಂಬರ್‌ನಲ್ಲಿ ಮಾಲ್ದಾರೆ ಪಂಚಾಯಿತಿಯ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ತೆರವು ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಅನೇಕರು ಲೈನ್‌ಮನೆ ಬಿಟ್ಟು ಬಂದು ಸ್ವಂತ ಸೂರು ಕೇಳಿದವರೇ. ಹೊರಗಿನದ್ದನ್ನು ಊರು ಬದಲಾಯಿಸಿಕೊಳ್ಳುತ್ತದೆ ಎಂದಾಗ, ಬದಲಾಯಿಸುವ ಕೈ ಯಾರದು ಎಂಬುದು ಪದದ ಅರ್ಥದೊಳಗೇ ಸೇರಿರಬೇಕು.

ರಾಬರ್ಟ್‌ಸನ್ ವಾದಕ್ಕೆ ಎದುರಾಗಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಜಾರ್ಜ್ ರಿಟ್ಜರ್ 2003ರಲ್ಲಿ ‘ಗ್ರೋಬಲೈಸೇಶನ್’ ಎಂಬ ಜೋಡಿಪದ ತಂದರು. ಗ್ರೋ ಎಂದರೆ ಬೆಳೆಯುವುದು: ಬಂಡವಾಳಕ್ಕೆ ಲಾಭವೂ ಹರವೂ ಹೆಚ್ಚುತ್ತಲೇ ಇರಬೇಕೆಂಬ ಹಸಿವಿನಿಂದ ಊರುಗಳ ಮೇಲೆ ಹೇರಿಕೆಯಾಗುವ ಏಕರೂಪ. ಎರಡನ್ನೂ ಹೋಮ್‌ಸ್ಟೇಯಲ್ಲಿ ಒಟ್ಟಿಗೆ ನೋಡಬಹುದು. ಮಕ್ಕಳು ಊರು ಬಿಟ್ಟ ದೊಡ್ಡ ಮನೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟು, ತಾವು ಉಣ್ಣುವ ಕಡಂಬಿಟ್ಟು, ಪಂದಿ ಕರಿಯನ್ನೇ ಬಡಿಸುವ ದಂಪತಿಗೆ ಹೋಮ್‌ಸ್ಟೇ ಎಂಬ ವಿದೇಶೀ ಕಲ್ಪನೆ ಮನೆ ಉಳಿಸಿಕೊಳ್ಳುವ ದಾರಿಯಾಗಿದೆ. ಗುಡ್ಡ ಅಗೆದು ಕಟ್ಟಿದ, ಮನೆಯವರೇ ಇಲ್ಲದ, ಈಜುಕೊಳದ ಕಟ್ಟಡಕ್ಕೂ ಬೋರ್ಡಿನಲ್ಲಿ ಅದೇ ಹೆಸರು. ಮೆನುವಿನಲ್ಲಿ ಕಾಚಂಪುಳಿ ಎಂಬ ಇಲ್ಲಿನ ಹುಳಿರಸ ಇದ್ದ ಮಾತ್ರಕ್ಕೆ ಅದು ಕೊಡಗಿನದಾಗುವುದಿಲ್ಲ.

ಹಾಗಾದರೆ ಪರಕೀಯವಾದದ್ದು ಎಷ್ಟು ಆಳಕ್ಕೆ ಇಳಿಯಬಲ್ಲದು? ಕೋವಿಯನ್ನು ನೋಡಿ. ಅದೂ ಹೊರಗಿನದೇ. 1861ರಲ್ಲಿ ಮೈಸೂರು-ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಿದೆ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ರೂಢಿ. ಕೋವಿ ಇಲ್ಲಿ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಇಡುವ ವಸ್ತು.

ಈ ಪದ ಈಗ ಕೊಡಗಿಗೆ ಹತ್ತಿರವಾಗಿರುವುದು ಇನ್ನೊಂದು ಕಾರಣಕ್ಕೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ಚೀಲದ ಹಿಂದೆ ತೋಟದ ಅಕ್ಷಾಂಶ-ರೇಖಾಂಶ ಇರಬೇಕು, ಕಾನೂನುಬದ್ಧವಾಗಿ ಬೆಳೆದದ್ದು ಎಂಬ ದಾಖಲೆ ಇರಬೇಕು. ಜಾರಿಯ ಗಡುವು ಮುಂದಕ್ಕೆ ಹೋಗುತ್ತಾ ಬಂದಿದೆ, ಕಾಯ್ದೆ ಹೋಗಿಲ್ಲ. ಭಾರತದ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ. ಕಾಡು ಉಳಿಯಬೇಕೆಂಬ ಆಶಯ ಒಳ್ಳೆಯದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜಮ್ಮಾ ಬಾಣೆಯ ಪಹಣಿಯಲ್ಲಿ ಎಷ್ಟೋ ಕಡೆ ಇರುವುದು ಒಕ್ಕದ ಹಿರಿಯನಾಗಿದ್ದು ಎಂದೋ ತೀರಿಕೊಂಡ ಪಟ್ಟೆದಾರನ ಹೆಸರು. ಜಮೀನು ಒಕ್ಕದ್ದು, ಪಾಲು ಬಾಯಿಮಾತಿನದು. ಇದನ್ನು ಬ್ರಸೆಲ್ಸ್‌ಗೆ ಯಾವ ಕಾಗದದಲ್ಲಿ ತೋರಿಸುವುದು? ಉಪಗ್ರಹದ ಚಿತ್ರದಲ್ಲಿ ನೆರಳಿನ ತೋಟವೂ ಕಾಡೂ ಒಂದೇ ಹಸಿರು. ಮಳೆಗಾಲಕ್ಕೆ ಮುಂಚೆ ಕಪಾತು ಮಾಡಿದ ತೋಟ ಮೇಲಿನಿಂದ ಕಾಡು ಕಡಿದ ಜಾಗದಂತೆ ಕಾಣಬಹುದು. ನೂರೈವತ್ತು ವರ್ಷದ ಹಿಂದೆ ಕಾಡು ಬೋಳಿಸಿ ಎಂದ ಯುರೋಪಿನ ಮಾದರಿಗೆ ಈ ನೆಲ ನೆರಳಿನ ಪಾಠ ಹೇಳಿತ್ತು. ಈಗ ಕಾಡು ಉಳಿಸಿ ಎನ್ನುವ ಯುರೋಪಿನ ಕಾಯ್ದೆಗೆ ಬಾಣೆ, ಜಮ್ಮಾ, ಕಪಾತುಗಳ ವಿವರ ಹೇಳಬೇಕಾಗಿದೆ. ದೊಡ್ಡ ಎಸ್ಟೇಟುಗಳಿಗೆ ಅದಕ್ಕೆ ಬೇಕಾದ ಗುಮಾಸ್ತರೂ ಸರ್ವೇಯರುಗಳೂ ಇದ್ದಾರೆ. ಎರಡು-ಮೂರು ಎಕರೆಯವರ ಪರವಾಗಿ ಆ ವಿವರ ಬರೆದುಕೊಡುವ ಕೆಲಸವನ್ನು ಕಾಫಿ ಮಂಡಳಿ, ಕಂದಾಯ ಇಲಾಖೆ, ಬೆಳೆಗಾರರ ಸಂಘಗಳು ಸೇರಿಯೇ ಮಾಡಬೇಕು, ಅದೂ ಗಡುವು ಬರುವ ಮೊದಲು.