ಒಂದೇ ಟಗರಿನ ಹಿಂಡು: ಕುರಿ ತಳಿಗಳು ಕಿರಿದಾದ ಬಗೆ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಕುರಿಗಳ ಸೀಮೆಯಲ್ಲ. ಇಲ್ಲಿನ ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ, ಜಂತುಹುಳದ ಬಾಧೆ ಬಿಡುವುದಿಲ್ಲ. ಮಾಂಸದ ಕುರಿಗಳು ಹಿಂದಿನಿಂದಲೂ ಘಟ್ಟ ಇಳಿದೇ ಬರುತ್ತಿವೆ. ಆದರೂ ಕಾರ್ಕಳ, ಮೂಡುಬಿದಿರೆಗಳ ಕಡೆ ತೋಟದ ಬದಿಯಲ್ಲಿ ಎತ್ತರದ ಅಟ್ಟಣಿಗೆಯ ಕೊಟ್ಟಿಗೆ ಕಟ್ಟಿ ಬಂಡೂರು ಕುರಿ ಸಾಕಲು ಹೊರಟವರಿದ್ದಾರೆ. ಒಂದು ಟಗರು, ಎಂಟು ಹತ್ತು ಹೆಣ್ಣು ಕುರಿಗಳಿಂದ ಸಾಕಣೆ ಶುರುವಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಮೊದಲ ಸೂಲಿನ ಹೆಣ್ಣುಮರಿಗಳು ಬೆದೆಗೆ ಬರುತ್ತವೆ. ಕೊಟ್ಟಿಗೆಯಲ್ಲಿರುವ ಏಕೈಕ ಟಗರು ಅವುಗಳ ತಂದೆ.

ಈ ಕೂಡುವಿಕೆಯ ಪರಿಣಾಮವನ್ನು ಅಳೆಯುವ ವಿಧಾನವನ್ನು ಅಮೆರಿಕದ ತಳಿವಿಜ್ಞಾನಿ ಸ್ಯೂಯಲ್ ರೈಟ್ 1922ರಲ್ಲಿ ಕೊಟ್ಟರು. ಅದರಂತೆ ತಂದೆ-ಮಗಳಿಗೆ ಹುಟ್ಟಿದ ಮರಿಯ ಒಳಸಂಕರದ, ಅಂದರೆ ರಕ್ತಸಂಬಂಧಿಗಳ ಕೂಡುವಿಕೆಯ, ಪ್ರಮಾಣ ಶೇ. 25, ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳ ನಡುವಿನ ಮರಿಗೆ ಶೇ. 12.5. ಅಷ್ಟರಮಟ್ಟಿಗೆ, ಒಬ್ಬನೇ ಪೂರ್ವಜನಿಂದ ಬಂದ ಒಂದೇ ಜೀನ್ ಎರಡೂ ಕಡೆಯಿಂದ ಮರಿಗೆ ಸಿಗುವ ಸಂಭವವಿರುತ್ತದೆ, ತಲೆಮಾರುಗಳಿಂದ ಅಡಗಿದ್ದ ದೋಷಗಳು ಹೊರಬೀಳುತ್ತವೆ. ಕಾಲುಗಳು ನೀಳವಾಗಿ ಸೊಟ್ಟಾಗಿ, ನಿಲ್ಲಲಾರದೆ ಹುಟ್ಟುವ ಸಫೋಕ್ ತಳಿಯ ಮರಿಗಳ ರೋಗ ಇಂಥದ್ದೇ. ಎಲ್ಲ ಹಾನಿಯೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ತೂಕ ಕಡಿಮೆಯಾಗುವುದು, ಹೆಣ್ಣು ತಡವಾಗಿ ಗಬ್ಬವಾಗುವುದು, ಮರಿಗಳು ಬದುಕದಿರುವುದು ಇವನ್ನೆಲ್ಲ ಸಾಕುವವರು ಮೇವಿನ ದೋಷವೆಂದೇ ತಿಳಿಯುತ್ತಾರೆ.

ರಕ್ತಸಂಬಂಧದಲ್ಲೇ ಕೂಡಿಸುವುದನ್ನು ಹದಿನೆಂಟನೆಯ ಶತಮಾನದಲ್ಲಿ ಒಂದು ಪದ್ಧತಿಯನ್ನಾಗಿ ಮಾಡಿದವರು ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್. ಬೇಗ ಕೊಬ್ಬುವ ಲೆಸ್ಟರ್ ಕುರಿಯನ್ನು ಅವರು ಹೀಗೆಯೇ ರೂಪಿಸಿ, ಟಗರುಗಳನ್ನು ಬಾಡಿಗೆಗೆ ಕೊಟ್ಟರು. ಉದ್ದೇಶಿಸಿದ ಲಕ್ಷಣ ಸ್ಥಿರವಾಯಿತು, ಆದರೆ ಮರಿ ಹಾಕುವ ಶಕ್ತಿ ಕುಗ್ಗಿತೆಂಬ ದೂರು ಆ ಕಾಲದಲ್ಲೇ ಇತ್ತು. ಅಪ್ಪಟ ತಳಿಯ ಪ್ರಾಣಿಗಳನ್ನಷ್ಟೇ ದಾಖಲಿಸುವ ವಂಶಾವಳಿ ಪುಸ್ತಕಗಳು ಬಂದ ಮೇಲೆ ತಳಿಗಳ ಬಾಗಿಲು ಇನ್ನಷ್ಟು ಮುಚ್ಚಿತು.

ಜಗತ್ತಿನ 74 ತಳಿಗಳ 2,819 ಕುರಿಗಳ ಜೀನುಗಳನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಸಮಾಧಾನದ ಸಂಗತಿ: ಸುಮಾರು ಹನ್ನೊಂದು ಸಾವಿರ ವರ್ಷಗಳ ಹಿಂದೆ ಮನುಷ್ಯ ಪಳಗಿಸಿದ ಕುರಿ, ಹಲವು ಸಾಕುಪ್ರಾಣಿಗಳಿಗಿಂತ ಹೆಚ್ಚಿನ ವೈವಿಧ್ಯವನ್ನು ಉಳಿಸಿಕೊಂಡಿದೆ. ಹಾಗಾದರೆ ಈಗ ಕೆಲವು ತಳಿಗಳಲ್ಲಿ ಕಾಣುವ ಕುಗ್ಗುವಿಕೆ ಪುರಾತನವಲ್ಲ. ಬಹುಮಟ್ಟಿಗೆ ನಮ್ಮ ಆಯ್ಕೆಗಳಿಂದಲೇ ಆದದ್ದು ಎಂದು ನನಗೆ ಅನ್ನಿಸುತ್ತದೆ.

ಇಲ್ಲಿ ಒಟ್ಟು ತಲೆಗಳ ಸಂಖ್ಯೆ ನಮ್ಮನ್ನು ಮೋಸಗೊಳಿಸುತ್ತದೆ. ಸಂತಾನದ ದೃಷ್ಟಿಯಿಂದ ಹಿಂಡಿನ ನಿಜವಾದ ಗಾತ್ರ, ಗಂಡು ಮತ್ತು ಹೆಣ್ಣುಗಳ ಸಂಖ್ಯೆಗಳ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ ಅವುಗಳ ಮೊತ್ತದಿಂದ ಭಾಗಿಸಿದಾಗ ಬರುವಷ್ಟು. ಒಂದು ಟಗರಿಗೆ ನೂರು ಹೆಣ್ಣುಗಳಿದ್ದರೂ ಅದು ನಾಲ್ಕನ್ನು ಮುಟ್ಟುವುದಿಲ್ಲ. ಐದು ಟಗರು, ಐವತ್ತು ಹೆಣ್ಣುಗಳಿದ್ದರೆ ಹದಿನೆಂಟಾಗುತ್ತದೆ. ತಳಿಯೊಂದರಲ್ಲಿ ಈ ಸಂಖ್ಯೆ ಕನಿಷ್ಠ 50 ಇರಬೇಕೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ.

ಮಂಡ್ಯ, ಬನ್ನೂರು ಸೀಮೆಯ ಬಂಡೂರು ಕುರಿಗೆ ಒತ್ತಡ ಎರಡು ಕಡೆಯಿಂದ ಬಂದಿದೆ. ಬೇರೆ ಕುರಿಗಳೊಂದಿಗಿನ ಬೆರಕೆಯಿಂದ ಅಪ್ಪಟ ಕುರಿಗಳು ಅಪರೂಪವಾದವು. ಅಪ್ಪಟವನ್ನು ಉಳಿಸುವ ಹಟದಲ್ಲಿ ಗಿಡ್ಡ ಕಾಲಿನ, ತುಂಬಿದ ಮೈಯ ಕೆಲವೇ ಟಗರುಗಳಿಗೆ ಬೇಡಿಕೆ ಏರಿತು. ಘಟ್ಟದ ಕೆಳಗಿನ ಕೊಟ್ಟಿಗೆಗಳಿಗೆ ಈ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಸುತ್ತಮುತ್ತ ಬೇರೆ ಹಿಂಡೇ ಇಲ್ಲ. ಮಗಳು ಬೆದೆಗೆ ಬರುವ ಮೊದಲೇ ಟಗರನ್ನು ಬದಲಿಸುವುದು, ಪ್ರತಿ ಮರಿಯ ಕಿವಿಗೆ ಓಲೆ ಹಾಕಿ ತಂದೆಯ ಸಂಖ್ಯೆ ಬರೆದಿಡುವುದು ಯಾರಿಗೂ ಸಾಧ್ಯವಾಗುವ ಕೆಲಸ. ನೆರೆಯವರೊಂದಿಗೆ ಟಗರು ಬದಲಿಸಿಕೊಳ್ಳುವವರು ಮಾತ್ರ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಬೇಕು: ಇಬ್ಬರೂ ಒಬ್ಬನೇ ವ್ಯಾಪಾರಿಯಿಂದ, ಒಂದೇ ಹಿಂಡಿನಿಂದ ತಂದಿದ್ದರೆ, ಬದಲಾಗಿ ಬಂದ ಟಗರೂ ಆ ಹೆಣ್ಣುಗಳಿಗೆ ಅಣ್ಣನೋ ಚಿಕ್ಕಪ್ಪನೋ ಆಗಿರಬಹುದು.