ಲೋಕಲ್ ಎಸ್‌ಇಒ: ‘ಮೊದಲ ಸ್ಥಾನ’ ಅಂದರೆ ಯಾರ ಫೋನಿನಲ್ಲಿ?

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನ ಸೋದರಮಾವನ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ರೈತರು ಗಾಡಿಯಲ್ಲಿ ಹಾಕಿಕೊಂಡು ಬರುತ್ತಾರೆ. ಮಾವ ಹಳೇ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತಾರೆ. ನಾನು ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳುವ ಕೆಲಸ, ಕಲಿಯಲು ಶುರು ಮಾಡಿದ ಮೇಲೆ ಅವರ ಗೂಗಲ್ ಪ್ರೊಫೈಲ್ (ಹುಡುಕಿದಾಗ, ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ) ಮೇಲೇ ನನ್ನ ಪ್ರಯೋಗ ಎಲ್ಲ. ಈ ಟಿಪ್ಪಣಿಯಲ್ಲಿ ಹೇಳುವ ತಪ್ಪುಗಳಲ್ಲಿ ಬಹುಪಾಲು ನಾವಿಬ್ಬರೂ ಮಾಡಿದವೇ.

ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಮಾವ ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆ ಹತ್ತಿರ ಕೂತು ‘ಮೋಟಾರ್ ರಿವೈಂಡಿಂಗ್’ ಅಂತ ಹುಡುಕುತ್ತಿದ್ದರು. “ನೋಡಪ್ಪಾ, ನಾವೇ ಫಸ್ಟು” ಅಂತ ಖುಷಿ. ಒಂದು ದಿನ ಅದೇ ಫೋನ್ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ಹುಡುಕಿದೆವು. ನಾಲ್ಕನೆಯ ಸ್ಥಾನ. ಕ್ಯಾತ್ಸಂದ್ರದಲ್ಲಿ ಹುಡುಕಿದರೆ ಎಷ್ಟು ಕೆಳಗೆ ಎಳೆದರೂ ಅಂಗಡಿ ಕಾಣಲಿಲ್ಲ. ಯಾರೋ ಬೇಕಂತಲೇ ತೆಗೆಸಿದ್ದಾರೆ ಅಂತ ಮಾವನಿಗೆ ಗಾಬರಿ.

ಯಾರೂ ತೆಗೆಸಿರಲಿಲ್ಲ. ಲೋಕಲ್ ಹುಡುಕಾಟಕ್ಕೆ ಗೂಗಲ್ ಮುಖ್ಯವಾಗಿ ನೋಡುವುದು ಮೂರು: ಹುಡುಕಿದ ಮಾತಿಗೂ ಅಂಗಡಿಗೂ ಎಷ್ಟು ಹೊಂದಿಕೆ, ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಈ ಮೂರರ ತೂಕವನ್ನು ಗೂಗಲ್ 2021ರ ಕೊನೆಯಲ್ಲಿ ಮತ್ತೆ ಹೊಂದಿಸಿತು. ಆಮೇಲೆ ದೂರದ ಲೆಕ್ಕ ಬಿಗಿಯಾಯಿತು ಅನ್ನುವುದು ಈ ಕೆಲಸ ಮಾಡುವವರ ಅನುಭವ. ಹಾಗಾಗಿ ಅಂಗಡಿಗೆ ಅಂತ ಒಂದೇ ರ್‍ಯಾಂಕ್ ಇರುವುದಿಲ್ಲ. ಹುಡುಕುವವರು ನಿಂತ ಜಾಗಕ್ಕೊಂದು ರ್‍ಯಾಂಕ್. ಅಂಗಡಿಯೊಳಗೇ ಕೂತು ಹುಡುಕುವುದು, ನಮ್ಮ ಪರೀಕ್ಷೆಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಇದು ಅರ್ಥವಾದರೆ ‘ನಂಬರ್ ಒನ್ ಗ್ಯಾರಂಟಿ’ ಫೋನ್ ಕರೆಗಳ ಬಣ್ಣ ತಾನಾಗಿ ಬಯಲಾಗುತ್ತದೆ. ಮಾವ ಒಮ್ಮೆ ಇಂಥವರಿಗೆ 6000 ರೂಪಾಯಿ ಕೊಟ್ಟಿದ್ದರು. ಎಲ್ಲಿಂದ ಹುಡುಕಿದರೆ ನಂಬರ್ ಒನ್ ಅಂತ ನಾನು ಕೇಳಿದಾಗ ಆ ಕಡೆಯಿಂದ ಉತ್ತರವೇ ಇಲ್ಲ. ಪ್ರೊಫೈಲ್ ಪೂರ್ತಿ ಉಚಿತ. ಲೋಕಲ್ ಫಲಿತಾಂಶದಲ್ಲಿ ಮೇಲೆ ಬರಲು ದುಡ್ಡು ಕೊಡುವ ದಾರಿಯೇ ಇಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಹೇಳುತ್ತದೆ. ಜಾಹೀರಾತು ಬೇರೆ, ಅದರ ಮೇಲೆ ಜಾಹೀರಾತು ಅಂತಲೇ ಬರೆದಿರುತ್ತದೆ.

ಪ್ರೊಫೈಲಿನ ‘ಸೇವೆ ಕೊಡುವ ಪ್ರದೇಶ’ ಅನ್ನುವ ಕಾಲಂನಲ್ಲಿ ಗುಬ್ಬಿ, ಕೊರಟಗೆರೆ, ಶಿರಾ ಎಲ್ಲ ಸೇರಿಸಿದರೆ ಅಲ್ಲೆಲ್ಲ ಮೇಲೆ ಬರುತ್ತೇವೆ ಅಂತ ನಾನೂ ನಂಬಿದ್ದೆ. 20 ಊರಿನವರೆಗೆ ಸೇರಿಸಬಹುದು. ಸೇರಿಸಿದೆ. ಏನೂ ಆಗಲಿಲ್ಲ. ಆ ಕಾಲಂ ಇರುವುದು ಎಲ್ಲೆಲ್ಲಿಗೆ ಹೋಗಿ ಕೆಲಸ ಮಾಡಿಕೊಡುತ್ತೀರಿ ಅಂತ ಗ್ರಾಹಕರಿಗೆ ತಿಳಿಸಲು.

ಹೆಸರಿನ ವಿಷಯ ಸ್ವಲ್ಪ ಸಿಕ್ಕು. ನಮ್ಮ ಬೋರ್ಡಿನ ಮೇಲಿದ್ದದ್ದು ಮೂರೇ ಪದ. ಪ್ರೊಫೈಲಿನಲ್ಲಿ ಅದರ ಹಿಂದೆ ‘ತುಮಕೂರು ಬೆಸ್ಟ್ ಬೋರ್‌ವೆಲ್ ಮೋಟಾರ್ ಸರ್ವಿಸ್’ ಅಂತ ಬಾಲ ಅಂಟಿಸಿದ್ದೆವು. ನಿಜ ಹೇಳಬೇಕು ಅಂದ್ರೆ, ಹೆಸರಿಗೆ ಕೀವರ್ಡ್ (ಜನ ಹುಡುಕುವ ಪದ) ತುರುಕಿದರೆ ಕೆಲವೊಮ್ಮೆ ಮೇಲೆ ಬರುತ್ತದೆ, ಅದಕ್ಕೇ ಎಲ್ಲರೂ ಮಾಡುವುದು. ಆದರೆ ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕು ಅನ್ನುವುದು ನಿಯಮ. ಪಕ್ಕದ ಅಂಗಡಿಯವರೂ ಸೇರಿ ಯಾರು ಬೇಕಾದರೂ ಮ್ಯಾಪಿನಲ್ಲಿ ತಿದ್ದುಪಡಿ ಸೂಚಿಸಬಹುದು. ಪ್ರೊಫೈಲ್ ಅಮಾನತಾದರೆ ರಿವ್ಯೂ, ಫೋಟೊ ಎಲ್ಲದರ ಜೊತೆ ಅಂಗಡಿಯೇ ಮ್ಯಾಪಿನಿಂದ ಮಾಯವಾಗಬಹುದು. ಬಾಲ ಕತ್ತರಿಸಿದೆವು.

ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಯಾರೂ ತಲೆ ಕೆಡಿಸಿಕೊಳ್ಳದ ಕ್ಯಾಟಗರಿ, ಅಂದರೆ ಯಾವ ಬಗೆಯ ಅಂಗಡಿ ಅಂತ ಪ್ರೊಫೈಲಿನಲ್ಲಿ ಆರಿಸುವುದು. ಬೇರಿಂಗು, ವೈರು ಕೂಡ ಮಾರುತ್ತೀವಲ್ಲ ಅಂತ ಮಾವ ಮುಖ್ಯ ಕ್ಯಾಟಗರಿಯನ್ನು ‘ಹಾರ್ಡ್‌ವೇರ್ ಅಂಗಡಿ’ ಅಂತ ಇಟ್ಟಿದ್ದರು. ಮೊಳೆ ಇದೆಯಾ, ಪೇಂಟ್ ಇದೆಯಾ ಅಂತ ಫೋನ್ ಬರುತ್ತಿತ್ತು! ಮುಖ್ಯ ಕ್ಯಾಟಗರಿ ಒಂದೇ, ಅದರ ಜೊತೆ 9ರವರೆಗೆ ಬೇರೆ ಸೇರಿಸಬಹುದು. ಅಂಗಡಿ ನಡೆಯುವುದೇ ಯಾವ ಕೆಲಸದಿಂದಲೋ ಅದು ಮುಖ್ಯ ಆಗಬೇಕು. ಮೋಟಾರ್ ರಿಪೇರಿಯನ್ನು ಮುಂದೆ ತಂದ ಮೇಲೆ ಮೊಳೆ ಕೇಳುವವರು ಕಡಿಮೆಯಾದರು.

ರಿವ್ಯೂ ವಿಷಯದಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹಬ್ಬಕ್ಕೆ ಬಂದಿದ್ದ ನೆಂಟರ ಕೈಲೆಲ್ಲ ಒಂದೇ ದಿನ 5 ಸ್ಟಾರ್ ಹಾಕಿಸಿದೆವು. ವಾರದೊಳಗೆ ಅರ್ಧ ಮಾಯ. ನಿಜವಾದ ಅನುಭವ ಇಲ್ಲದ ರಿವ್ಯೂ ನಿಯಮಕ್ಕೆ ವಿರುದ್ಧ. ‘ರಿವ್ಯೂ ಹಾಕಿದರೆ ನೂರು ರೂಪಾಯಿ ಕಡಿಮೆ’ ಅನ್ನುವುದೂ ವಿರುದ್ಧವೇ. ಕೇಳುವುದು ತಪ್ಪಲ್ಲ. ಈಗ ಮಾವ ಮೋಟಾರ್ ಗಾಡಿಗೆ ಏರಿಸುವಾಗ ಗಲ್ಲಾ ಪಕ್ಕದ ಕ್ಯೂಆರ್ ಕೋಡ್ ತೋರಿಸುತ್ತಾರೆ, ಅಷ್ಟೆ. ಬಯ್ದು ಬರೆದವರೂ ಇದ್ದಾರೆ. “ನಾಲ್ಕು ದಿನ ಅಂದ್ರು, ಎಂಟು ದಿನ ಮಾಡಿದ್ರು, ತೋಟ ಒಣಗಿತು” ಅಂತ ಒಬ್ಬರು. ಮಾವ ಅಳಿಸು ಅಂದರು. ನಮಗೆ ಇಷ್ಟವಾಗಲಿಲ್ಲ ಅಂತ ಅಳಿಸಲು ಆಗುವುದಿಲ್ಲ, ನಿಯಮ ಮೀರಿದ್ದರೆ ಮಾತ್ರ ದೂರು ಕೊಡಬಹುದು. ತಂತಿ ಬರುವುದು ತಡವಾಯಿತು, ತಪ್ಪು ನಮ್ಮದು ಅಂತ ಉತ್ತರ ಬರೆದೆವು.

ಸಮಯವನ್ನು ‘24 ಗಂಟೆ’ ಅಂತ ಹಾಕುವ ಚಾಳಿ ಈಚಿನದು. ಹುಡುಕುವ ಹೊತ್ತಿನಲ್ಲಿ ಅಂಗಡಿ ತೆರೆದಿದೆಯೇ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಗೂಗಲ್ 2023ರಲ್ಲಿ ಒಪ್ಪಿಕೊಂಡ ಮೇಲೆ ಶುರುವಾಯಿತು. ರಾತ್ರಿ ಹನ್ನೊಂದಕ್ಕೆ ಮೋಟಾರ್ ಹೊತ್ತು ಬಂದವರು ಮುಚ್ಚಿದ ಶಟರ್ ನೋಡಿ ಏನು ರಿವ್ಯೂ ಬರೆಯುತ್ತಾರೆ ಅಂತ ನೀವೇ ಊಹಿಸಿ.

ಪ್ರೊಫೈಲ್ ಇದ್ದರೆ ವೆಬ್‌ಸೈಟ್ ಯಾಕೆ ಅನ್ನುವವರಿಗೆ ಒಂದು ಮಾತು. ಪ್ರೊಫೈಲಿನಿಂದಲೇ ಮಾಡಿಕೊಳ್ಳಬಹುದಾಗಿದ್ದ ಉಚಿತ ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅದನ್ನೇ ನಂಬಿದ್ದವರ ಪುಟ ಹೋಯಿತು. ಒಂದೇ ಪುಟವಾದರೂ ಸರಿ, ಸ್ವಂತದ್ದಿರಲಿ. ಎಷ್ಟು ಎಚ್‌ಪಿ ಮೋಟಾರ್ ಮಾಡುತ್ತೀರಿ, ಎಷ್ಟು ದಿನ ಬೇಕು ಅನ್ನುವುದು ಅದರಲ್ಲಿ ಕನ್ನಡದಲ್ಲಿರಲಿ.

ಈಗ ನಾವು ರ್‍ಯಾಂಕ್ ನೋಡುವುದು ಬಿಟ್ಟಿದ್ದೇವೆ. ಪ್ರೊಫೈಲಿನಲ್ಲಿ ಎಷ್ಟು ಜನ ಕರೆ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅನ್ನುವ ಲೆಕ್ಕ ಸಿಗುತ್ತದೆ, ಅದನ್ನು ತಿಂಗಳಿಗೊಮ್ಮೆ ನೋಡುತ್ತೇವೆ. ಜೊತೆಗೆ ಮಾವನ ರಸೀದಿ ಪುಸ್ತಕದಲ್ಲಿ ಗಿರಾಕಿಯ ಹೆಸರಿನ ಪಕ್ಕ ಒಂದು ಅಕ್ಷರ: ಮ್ಯಾಪ್ ನೋಡಿ ಬಂದವರಿಗೆ ‘ಮ್ಯಾ’, ಯಾರೋ ಹೇಳಿ ಬಂದವರಿಗೆ ‘ಹೇ’. ಸದ್ಯಕ್ಕೆ ‘ಹೇ’ಗಳೇ ಜಾಸ್ತಿ.