ಒಂದು ಕಿವಿ ಕೇಳಿಸಿದರೆ ಸಾಕಾ?

"ಮೇಡಂ, ಒಂದು ಕಿವಿ ಚೆನ್ನಾಗೇ ಕೇಳಿಸುತ್ತಲ್ಲ, ಇನ್ನೊಂದಕ್ಕೆ ಯಾಕೆ ಮಿಷನ್?" ಕಿವಿ ಪರೀಕ್ಷೆಗೆ ಬಂದವರು ಹೀಗೆ ಕೇಳುತ್ತಲೇ ಇರುತ್ತಾರೆ. ಅದೇ ಜನ ಸ್ವಲ್ಪ ಹೊತ್ತಾದ ಮೇಲೆ, ರಸ್ತೆಯಲ್ಲಿ ಹಾರ್ನ್ ಕೇಳಿಸುತ್ತೆ ಆದರೆ ಯಾವ ಕಡೆಯಿಂದ ಅಂತ ಗೊತ್ತಾಗಲ್ಲ ಎಂದೂ ಹೇಳುತ್ತಾರೆ. ಎರಡಕ್ಕೂ ಸಂಬಂಧ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ತಗೊಳ್ಳಿ, ಅದರ ಎರಡು ತುದಿಗಳನ್ನು ಎರಡೂ ಕಿವಿಗೆ ಮೆಲ್ಲಗೆ ಹಿಡಿದು, ಪೈಪನ್ನು ಬೆನ್ನ ಹಿಂದೆ ಇಳಿಬಿಡಿ. ಈಗ ಯಾರಾದರೂ ಸರಿಯಾಗಿ ನಡುವೆ ಪೆನ್ಸಿಲ್‌ನಿಂದ ಮೆತ್ತಗೆ ತಟ್ಟಲಿ. ಸದ್ದು ಮಧ್ಯದಲ್ಲೇ ಕೇಳಿಸುತ್ತದೆ. ಬರೀ 1 ಸೆಂಟಿಮೀಟರ್ ಎಡಕ್ಕೆ ಸರಿದು ತಟ್ಟಿದರೆ? ಕಣ್ಣು ಮುಚ್ಚಿಕೊಂಡಿದ್ದರೂ ಎಡ ಅನ್ನುತ್ತೀರಿ. ಎಡಗಿವಿಗೆ ದಾರಿ 1 ಸೆಂ.ಮೀ. ಕಡಿಮೆ ಆಯಿತು, ಬಲಗಿವಿಗೆ ಅಷ್ಟೇ ಜಾಸ್ತಿ ಆಯಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಹಾಗಾಗಿ ಈ 2 ಸೆಂ.ಮೀ. ವ್ಯತ್ಯಾಸ ಅಂದರೆ ಒಂದು ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಆರೇ ಪಾಲು! ಒಳ್ಳೆಯ ಕಿವಿಗಳಿದ್ದರೆ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಮೆದುಳು ಹಿಡಿಯುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ನನಗೆ ಇದರ ಬೆರಗು ಹೋಗಿಲ್ಲ.

ರಸ್ತೆಯಲ್ಲೂ ಲೆಕ್ಕ ಇದೇ. ಪೂರ್ತಿ ಎಡಪಕ್ಕದಿಂದ ಬಂದ ಸದ್ದು ತಲೆಯನ್ನು ಬಳಸಿ ಬಲಗಿವಿ ಮುಟ್ಟುವಾಗ ಹೆಚ್ಚೆಂದರೆ 0.7 ಮಿಲಿಸೆಕೆಂಡು ತಡವಾಗುತ್ತದೆ. ಎರಡೂ ಕಿವಿಯ ಸುದ್ದಿ ಮೆದುಳಿನ ಬುಡದಲ್ಲಿ ಸೇರುತ್ತದೆ, ಅಲ್ಲೇ ಹೋಲಿಕೆ ನಡೆಯುತ್ತದೆ. ಬಸ್ಸಿನ ಇಂಜಿನ್‌ನಂಥ ದಪ್ಪ ಸದ್ದಿಗೆ ಈ ಸಮಯದ ಲೆಕ್ಕ ಚೆನ್ನಾಗಿ ಒದಗುತ್ತದೆ. ಸೈಕಲ್ ಬೆಲ್‌ನಂಥ ಕೀರಲು ಸದ್ದಿಗೆ ತಲೆಯೇ ಅಡ್ಡ ಬರುತ್ತದೆ, ಆಚೆ ಕಿವಿಗೆ ಸದ್ದು ಸಣ್ಣದಾಗುತ್ತದೆ, ಆ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ಲಾರ್ಡ್ ರ್‍ಯಾಲೀ ಎಂಬ ವಿಜ್ಞಾನಿ 1907ರಲ್ಲೇ ಇದನ್ನು ವಿವರಿಸಿದ್ದರು. ನೇರ ಮುಂದೆ, ನೇರ ಹಿಂದೆ ಆದರೆ ಎರಡೂ ಕಿವಿಗೆ ಒಂದೇ ಸಮಯ, ಆಗ ಕಿವಿಯ ಹಾಲೆಯ ಆಕಾರ ನೆರವಾಗುತ್ತದೆ. ಅದೂ ಸಾಲದಿದ್ದಾಗ ನಾವು ಗೊತ್ತಿಲ್ಲದೇ ತಲೆ ತಿರುಗಿಸುತ್ತೇವೆ ಅಲ್ವಾ, ಅದು ಇದಕ್ಕೇ.

ಒಂದು ಕಿವಿ ಪೂರ್ತಿ ಹೋದರೆ ಹೋಲಿಸುವುದಕ್ಕೇ ಏನೂ ಉಳಿಯುವುದಿಲ್ಲ. ಮಂಗನಬಾವು ಬಂದು ಮಕ್ಕಳಿಗೆ ಒಂದು ಕಿವಿ ಹೋಗುವುದುಂಟು, ಮಗು ಮಾತಾಡುತ್ತೆ, ಕರೆದರೆ ತಿರುಗುತ್ತೆ ಅಂತ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕರೆದಾಗ ಮಗು ತಪ್ಪು ಕಡೆಗೆ ನೋಡುತ್ತಿದ್ದರೆ ಸುಮ್ನೆ ಬಿಡಬೇಡಿ, ಎರಡೂ ಕಿವಿಯನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ. ತರಗತಿಯಲ್ಲಿ ಒಳ್ಳೆಯ ಕಿವಿ ಟೀಚರ್ ಕಡೆಗೆ ಬರುವ ಹಾಗೆ ಮುಂದೆ ಕೂರಿಸಲು ಹೇಳಿ. ರಸ್ತೆ ದಾಟುವಾಗ ಹಾರ್ನ್ ನಂಬಬಾರದು, ಎರಡೂ ಕಡೆ ಕಣ್ಣಲ್ಲೇ ನೋಡಬೇಕು ಅಂತ ಕಲಿಸಿ.

ಎರಡೂ ಕಿವಿ ಮಂದವಾಗಿದ್ದು, ದುಡ್ಡು ಉಳಿಸಲು ಒಂದಕ್ಕೆ ಮಾತ್ರ ಮಿಷನ್ ಕೇಳುವವರಿಗೂ ಒಂದು ಮಾತು. ಡಿಜಿಟಲ್ ಮಿಷನ್ ಸದ್ದನ್ನು ಸಂಸ್ಕರಿಸಲು ಕೆಲವು ಮಿಲಿಸೆಕೆಂಡು ತಗೊಳ್ಳುತ್ತದೆ. ಒಂದೇ ಕಡೆ ಹಾಕಿದರೆ ಆ ತಡವೂ ಒಂದೇ ಕಡೆ ಆಗುತ್ತದೆ, ಮೆದುಳಿನ ದಿಕ್ಕಿನ ಲೆಕ್ಕಕ್ಕೆ ಅದು ಅಡ್ಡಿ. ಅನುಕೂಲ ಇದ್ದರೆ ಎರಡಕ್ಕೂ ಹಾಕಿಸಿಕೊಳ್ಳಿ ಎಂದೇ ನಾನು ಹೇಳುವುದು.